ಬಿಚ್ಚುವ ಹೊಲಿಗೆ

ಬಟ್ಟೆ ಹೊಲಿಯುವ ಚಂಪಕ್ಕನ ಅಂಗಡಿಗೆ ದುಬಾರಿ ಕಂಪ್ಯೂಟರ್ ಮಿಷನ್ನೊಂದು ಬಂದು ಕೂತಿತು. ಒಂದು ದಿನ ಹೊಲಿದು ನೋಡಿ, ಹಿಡಿಸಿದರೆ ಕೊಳ್ಳಿ ಎಂದು ಮಾರುವವನು ಬಿಟ್ಟುಹೋಗಿದ್ದ. ಮೂಲೆಯಲ್ಲಿದ್ದ ಹಳೇ ಕಾಲುಮಿಷನ್ನಿಗೆ ತನ್ನ ಜಾಗ ಹೋದೀತೆಂಬ ಅಳುಕಿದ್ದರೂ ಕುತೂಹಲ ತಡೆಯಲಾಗಲಿಲ್ಲ.

“ನಿನಗೇನೇನು ಬರುತ್ತದೆ, ತಮ್ಮಾ?”

“ಹೂವು, ಬಳ್ಳಿ, ಹಂಸ, ಎಲ್ಲವೂ. ನಾನು ಹಾಕಿದ ಹೊಲಿಗೆ ಜನ್ಮದಲ್ಲಿ ಬಿಚ್ಚುವುದಿಲ್ಲ.”

“ಅಬ್ಬಾ! ಬಿಚ್ಚಬೇಕಾದರೆ?”

“ಅದು ಯಾರಿಗೆ ಬೇಕು?” ಹೊಸದು ನಕ್ಕಿತು.

ಅಷ್ಟರಲ್ಲಿ ಬಾಣಂತನ ಮುಗಿಸಿದ ರುಕ್ಮವ್ವ ಬಂದಳು. “ನಾಳೆ ಮಗುವಿನ ನಾಮಕರಣ, ಚಂಪಕ್ಕಾ. ಮದುವೆಯ ರವಿಕೆ ಮೈಗೇ ಏರುತ್ತಿಲ್ಲ!”

ಚಂಪಕ್ಕ ರವಿಕೆಯನ್ನು ಒಳಮಗ್ಗುಲಿಗೆ ತಿರುವಿದಳು. ಮದುವೆಯ ಹೊತ್ತಿಗೆ ಹಳೇ ಮಿಷನ್ನು ಅದರ ಪಕ್ಕಗಳಲ್ಲಿ ಹೆಚ್ಚಿನ ಬಟ್ಟೆ ಬಿಟ್ಟು ಮೂರು ಸಾಲು ಹೊಲಿದಿತ್ತು. ಮೈಯ ಕಡೆಯ ಒಂದು ಸಾಲಿನ ನೂಲೆಳೆದಳು, ರವಿಕೆ ಸರಿಹೋಯಿತು. ಆಮೇಲೆ ಹೊಸದು ಬೆಳಿಗ್ಗೆ ಹೊಲಿದ ತುಂಡುಬಟ್ಟೆಯ ಹೊಲಿಗೆಯನ್ನೂ ಬಿಚ್ಚಲು ನೋಡಿದಳು, ಬಟ್ಟೆಯೇ ಹರಿಯಿತು.

ಸಂಜೆ ಮಾರುವವನಿಗೆ ಹೇಳಿದಳು: “ಇದಕ್ಕೆ ಬಿಚ್ಚುವ ಹೊಲಿಗೆ ಕಲಿಸಿ ತಗೊಂಡು ಬಾರಪ್ಪ. ಆಮೇಲೆ ಮಾತಾಡೋಣ.”

ಹೊರಡುವ ಹೊತ್ತಿಗೆ ಕುತೂಹಲ ಹೊಸದಕ್ಕೆ ಹತ್ತಿತ್ತು. “ಅಕ್ಕಾ, ಬಿಚ್ಚಲೆಂದೇ ಯಾಕೆ ಹೊಲಿಯುತ್ತೀ?”

“ರವಿಕೆ ಬೆಳೆಯುವುದಿಲ್ಲ, ತಮ್ಮಾ. ತೊಟ್ಟವಳು ಬೆಳೆಯುತ್ತಾಳೆ.”