ಎಣ್ಣೆ ಕೇಳಿದ ದೀಪ

ಕೊಟ್ರಯ್ಯನೆಂಬ ಶಿಷ್ಯ ಮಠದ ಅಜ್ಜನವರನ್ನು ಕೇಳಿದ: “ಅಜ್ಜನವರೇ, ಕೆಡುಕು ಬರುವ ಮುಂಚೆ ದೇವರು ಸೂಚನೆ ಕೊಡುತ್ತಾನೆ ಎಂದು ನೀವೇ ಹೇಳಿದ್ದೀರಿ. ಕೊಡುವುದು ನಿಜವಾದರೆ ಮನುಷ್ಯರು ಇಷ್ಟೊಂದು ಕೆಡುವುದು ಹೇಗೆ?”

ಅವನು ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೆಂದು ಅಜ್ಜನವರು ಕಾದರು. ಅವನು ತೆಗೆದುಕೊಳ್ಳಲಿಲ್ಲ. ಆಗ ಈ ಕತೆ ಹೇಳಿದರು.

ಒಂದು ಕಣಿವೆಯಲ್ಲಿ ಒಂದು ಊರು. ಪೇಟೆ ಇದ್ದದ್ದು ಬೆಟ್ಟದ ಆಚೆ. ಆಸ್ಪತ್ರೆ, ಕೋರ್ಟು, ಸಿನಿಮಾ, ಮನುಷ್ಯ ಅಳುವುದಕ್ಕೆ ಬೇಕಾದದ್ದೆಲ್ಲ ಪೇಟೆಯಲ್ಲಿತ್ತು. ನಡುವೆ ಉದ್ದನೆಯ ಏರು. ಆ ಏರಿಗೆ ಹೆದರಿ ಬಸ್ಸು ಬರುವುದನ್ನು ಬಿಟ್ಟಿತ್ತು. ಮೊಬೈಲು ಇನ್ನೂ ಕಣಿವೆಗೆ ಇಳಿದಿರಲಿಲ್ಲ. ಊರಿನ ಒಬ್ಬ ವರ್ತಕನ ಹತ್ತಿರ ಮಾತ್ರ ಒಂದು ಲಾರಿ ಇತ್ತು. ಭಾರಿ ಲಾರಿ, ಟರ್ಬೊ ಇಂಜಿನ್ನು. ಕಣಿವೆಯ ಶೇಂಗಾ ಆಚೆ ಹೋಗುವುದೂ ಆಚೆಯ ಅಕ್ಕಿ ಈಚೆ ಬರುವುದೂ ಅದರಲ್ಲೇ. ಕಾಯಿಲೆ ಬಿದ್ದವರು ಆಸ್ಪತ್ರೆಗೆ ಹೋಗುವುದೂ ಅದರಲ್ಲೇ.

ಟರ್ಬೊ ಎಂದರೆ ಇಂಜಿನ್ನಿನ ಬಾಯಿಗೆ ಗಾಳಿ ಊದುವ ಒಂದು ಪುಟ್ಟ ಚಕ್ರ. ಇಂಜಿನ್ನು ಬಿಟ್ಟ ಬಿಸಿ ಹೊಗೆಯೇ ಅದನ್ನು ತಿರುಗಿಸುತ್ತದೆ. ಅದು ತಿರುಗುವ ರಭಸಕ್ಕೆ ಕಬ್ಬಿಣ ಕಬ್ಬಿಣವನ್ನು ಮುಟ್ಟಿದರೆ ಎರಡೂ ಉಳಿಯುವುದಿಲ್ಲ. ಆದ್ದರಿಂದ ನಡುವೆ ಎಣ್ಣೆಯ ತೆಳುವಾದ ಪದರವೊಂದಿರುತ್ತದೆ. ಚಕ್ರ ನಿಂತಿರುವುದು ಆ ಪದರದ ಮೇಲೆ. ಊರು ನಿಂತಿದ್ದದ್ದೂ ಅದರ ಮೇಲೆಯೇ. ಅದು ಯಾರಿಗೂ ಗೊತ್ತಿರಲಿಲ್ಲ.

ವರ್ತಕ ಕೆಟ್ಟವನಲ್ಲ. ಲಾರಿಯನ್ನು ಮನೆಮಗಳಂತೆ ನೋಡಿಕೊಳ್ಳುತ್ತಾನೆ ಎಂದು ಜನ ಹೇಳುತ್ತಿದ್ದರು. ಆಯುಧಪೂಜೆಗೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಸುತ್ತಿದ್ದ. ಶನಿವಾರ ಬಂದರೆ ಹನುಮಪ್ಪನ ಗುಡಿಯ ದೀಪಕ್ಕೆ ಎಣ್ಣೆ ಕಳಿಸುತ್ತಿದ್ದ. ಇಂಜಿನ್ನಿನ ಎಣ್ಣೆಯ ಮಾತು ಬಂದರೆ ಮಾತ್ರ ಅವನ ನ್ಯಾಯ ಬೇರೆ. ಕಮ್ಮಿಯಾದಷ್ಟು ಮೇಲೆ ಸುರಿ, ಇದ್ದದ್ದನ್ನು ಯಾಕೆ ಚೆಲ್ಲಬೇಕು ಎನ್ನುತ್ತಿದ್ದ. ಉಪ್ಪಿನಕಾಯಿಗೆ ಯಾರಾದರೂ ವರ್ಷಕ್ಕೊಮ್ಮೆ ಎಣ್ಣೆ ಬದಲಿಸುತ್ತಾರೆಯೇ ಎಂದು ಕೇಳುತ್ತಿದ್ದ. ಲಾರಿಯ ಚಾಲಕ ಒಮ್ಮೆ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು ತೋರಿಸಿದ. ಕಡ್ಡಿಯ ತುದಿ ಕಾಡಿಗೆಯಂತಿತ್ತು. ಒರೆಸಿಕೊಂಡು ಹೋಗಿ ಹೆಂಡತಿಯ ಕಣ್ಣಿಗೆ ಹಚ್ಚು, ಅವಳಾದರೂ ಖುಷಿಯಾಗಲಿ ಎಂದ ವರ್ತಕ. ಸುತ್ತ ಇದ್ದವರು ನಕ್ಕರು. ಚಾಲಕನೂ ನಕ್ಕ.

ಏರಿನ ತುದಿಯಲ್ಲಿ ಒಂದು ಚಹಾದ ಅಂಗಡಿ. ಮೊದಮೊದಲು ಚಾಲಕ ಅಲ್ಲಿ ಲಾರಿ ನಿಲ್ಲಿಸಿದರೂ ಇಂಜಿನ್ನು ಆರಿಸುತ್ತಿರಲಿಲ್ಲ. ಏರು ಹತ್ತಿಸಿದ ಟರ್ಬೊ ಚಕ್ರದ ಕಾವು ಇಳಿಯಬೇಕು, ಅಲ್ಲಿಯವರೆಗೆ ಎಣ್ಣೆ ಓಡಾಡುತ್ತಿರಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ವರ್ತಕ ಒಂದು ಸಲ ಜೊತೆಯಲ್ಲಿದ್ದಾಗ ಅದನ್ನು ಕಂಡ. ಉಂಡು ಕೈತೊಳೆದವನ ಎಲೆಗೆ ಮತ್ತೆ ಬಡಿಸುವ ಪದ್ಧತಿ ಯಾವ ಊರಿನದು ಎಂದು ಕೇಳಿದ. ಅಂದಿನಿಂದ ಲಾರಿ ನಿಂತ ಕೂಡಲೇ ಇಂಜಿನ್ನೂ ಆರುತ್ತಿತ್ತು. ಬಿಸಿ ಚಕ್ರದೊಳಗೆ ಸಿಕ್ಕಿಕೊಂಡ ಎಣ್ಣೆ ಅಲ್ಲೇ ಸುಟ್ಟು ಕರಿಯಾಗುತ್ತಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಲಾರಿ ಒಂದು ದಿನವೂ ಕೈಕೊಡಲಿಲ್ಲ. ಕೈಕೊಡದಿದ್ದುದರಿಂದ ಅದಕ್ಕೆ ಏನೂ ಬೇಕಾಗಿಲ್ಲ ಎಂದು ತಿಳಿದರು. ಮನೆಯ ಹೆಂಗಸರ ವಿಷಯದಲ್ಲೂ ಲೋಕ ಹೀಗೆಯೇ ತಿಳಿಯುತ್ತದೆ. ಅದು ಬೇರೆ ಕತೆ.

ಲಾರಿಯಲ್ಲಿ ಚಾಲಕನ ಎದುರಿಗೆ ಸಣ್ಣ ಸಣ್ಣ ಗುರುತುಗಳ ಒಂದು ಸಾಲು. ಅದರಲ್ಲಿ ಒಂದು ಎಣ್ಣೆಗಿಂಡಿಯ ಚಿತ್ರ. ಅದರ ಮೂತಿಯಿಂದ ಒಂದು ಹನಿ ತೊಟ್ಟಿಕ್ಕುತ್ತದೆ. ಲಾರಿ ಮಾಡಿದವರಿಗೆ ಅದು ಗಿಂಡಿ. ನಮ್ಮ ಜನರ ಕಣ್ಣಿಗೆ ಅದು ಹಣತೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಅದು ಕೆಂಪಗೆ ಹೊತ್ತಿಕೊಳ್ಳುತ್ತಿತ್ತು. ಇಂಜಿನ್ನು ಶುರುವಾಗಿ ಎಣ್ಣೆ ಓಡಿದ ಮೇಲೆ ಆರುತ್ತಿತ್ತು. ಚಾಲಕ ದಿನಾ ಅದಕ್ಕೆ ಕೈಮುಗಿದು ಹೊರಡುತ್ತಿದ್ದ. ದೀಪ ಕಂಡರೆ ಕೈಮುಗಿಯುವುದು ನಮಗೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಯೋಚನೆ ಬೇಕಾಗಿಲ್ಲ.

ಹೀಗಿರುವಾಗ ವರ್ತಕನ ಮಗಳಿಗೆ ದಿನ ತುಂಬುತ್ತ ಬಂತು. ಅವಳ ಗಂಡನ ಮನೆಯವರು ಪೇಟೆಯವರು. ಆಸ್ಪತ್ರೆ ಇಲ್ಲೇ ಇದೆ, ಹೆರಿಗೆ ಇಲ್ಲೇ ಆಗಲಿ ಎಂದರು. ವರ್ತಕ ಒಪ್ಪಲಿಲ್ಲ. ಚೊಚ್ಚಲು ತವರಿನಲ್ಲೇ ಆಗಬೇಕು, ಮನೆಯ ಬಾಗಿಲಲ್ಲಿ ಲಾರಿ ನಿಂತಿದೆ, ಅದು ಇವತ್ತಿನವರೆಗೆ ಯಾರನ್ನೂ ದಾರಿಯಲ್ಲಿ ಬಿಟ್ಟಿಲ್ಲ ಎಂದ. ಮಗಳನ್ನು ಅದೇ ಲಾರಿಯಲ್ಲಿ ಕೂರಿಸಿಕೊಂಡು ಬಂದ.

ಆಮೇಲೆ ದೀಪ ಬೇಗ ಆರದಾಯಿತು. ಲಾರಿ ಸ್ವಲ್ಪ ದೂರ ಓಡಿದ ಮೇಲೆ ಆರುತ್ತಿತ್ತು. ಒಂದು ದಿನ ಆರಲೇ ಇಲ್ಲ. ಚಾಲಕ ಲಾರಿಯನ್ನು ಮನೆಯ ಮುಂದೆ ತಂದು ವರ್ತಕನನ್ನು ಕರೆದು ತೋರಿಸಿದ.

“ಧಣಿ, ಇದು ಎಣ್ಣೆ ಕೇಳುತ್ತಿರುವ ಹಾಗಿದೆ.”

ವರ್ತಕ ಬಗ್ಗಿ ನೋಡಿದ. ಕೆಂಪು ಹಣತೆ ಅಲುಗಾಡದೆ ಉರಿಯುತ್ತಿತ್ತು. ಅವನು ಚಪ್ಪಲಿ ಬಿಟ್ಟ.

“ಹನುಮಪ್ಪ ತಾನಾಗಿ ಕೇಳಿದ ಮೇಲೆ ಇಲ್ಲ ಎನ್ನಲಾದೀತೇನೋ? ಇವತ್ತೇ ಕೊಡೋಣ.”

ಒಂದು ಡಬ್ಬಿ ತುಂಬ ಎಳ್ಳೆಣ್ಣೆ ಹನುಮಪ್ಪನ ಗುಡಿಗೆ ಹೋಯಿತು.

ಚಾಲಕ ಹೇಳಿದ್ದು ಆ ಎಣ್ಣೆಯನ್ನಲ್ಲ. ಬಿಡಿಸಿ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವರ್ತಕನ ಹೆಂಡತಿ ಆರತಿಯ ತಟ್ಟೆ ತಂದಳು. ನೋಡುನೋಡುತ್ತ ಊರು ಸೇರಿತು. ಇಷ್ಟು ದಿನ ದೇವರು ಕಣ್ಣು ಮಿಟುಕಿಸಿ ಹೋಗುತ್ತಿದ್ದ, ಈಗ ಬಂದು ಕೂತುಬಿಟ್ಟ ಎಂದರು. ಆ ಡೀಸೆಲ್ಲಿನ ನಾತವನ್ನು ಅವನು ಹೇಗೆ ತಡೆಯುತ್ತಾನೆ ಎಂದು ಒಬ್ಬ ಕೇಳಿದ. ಗುಡಿಯಲ್ಲಿ ನಿನ್ನ ಮೈನಾತ ತಡೆದವನಿಗೆ ಇದೇನು ದೊಡ್ಡದು ಎಂದು ಇನ್ನೊಬ್ಬ ಹೇಳಿದ. ದೀಪಕ್ಕೆ ಬಿದ್ದ ನಮಸ್ಕಾರದಲ್ಲಿ ಚಾಲಕನಿಗೂ ಪಾಲು ಸಿಕ್ಕಿತು. ನಿನ್ನೆಯವರೆಗೆ ಅವನನ್ನು ಏಯ್ ಎಂದು ಕರೆದವರು ಇಂದು ಸ್ವಾಮಿ ಎಂದರು. ಏಯ್ ಎನಿಸಿಕೊಂಡವನಿಗೆ ಸ್ವಾಮಿ ಎಂಬ ಮಾತಿನ ರುಚಿ ಬೇಗ ಹತ್ತುತ್ತದೆ. ಬಿಡಿಸಿ ಹೇಳುವುದನ್ನು ಅವನು ನಾಳೆಗೆ ಇಟ್ಟುಕೊಂಡ.

ಮಗಳು ಮಾತ್ರ ಹೊಸ್ತಿಲಲ್ಲಿ ನಿಂತು ನಕ್ಕಳು. “ಅಪ್ಪಾಜಿ, ಒಳಗೆ ದೇವರು ಕೂತಾಯಿತು. ನನ್ನನ್ನು ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಹೋಗುತ್ತೀರೇನು?” ಬಸುರಿಯ ಬಾಯಲ್ಲಿ ಇಂಥ ಮಾತು ಬರಬಾರದೆಂದು ವರ್ತಕ ಗದರಿದ.

ಆ ವಾರವೇ ಅವಳಿಗೆ ನೋವು ಬಂತು. ಬೆಳಗಿನ ಹೊತ್ತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ಇದೆ, ಇದು ನನ್ನ ಕೈಯಿಂದಾಗದು, ಆಸ್ಪತ್ರೆಗೆ ಒಯ್ಯಿರಿ ಎಂದಳು. ಲಾರಿಯ ಹಿಂದೆ ಹಾಸಿಗೆ ಹಾಸಿ ಮಗಳನ್ನು ಮಲಗಿಸಿದರು. ಹೆಂಗಸರು ಹತ್ತಿದರು. ಇಳಿಸಲು ಎತ್ತಲು ಬೇಕಾಗುತ್ತದೆಂದು ನಾಲ್ಕಾರು ಗಂಡಸರೂ ಹತ್ತಿದರು. ವರ್ತಕ ಚಾಲಕನ ಪಕ್ಕ ಕೂತ. ದೀಪ ಉರಿಯುತ್ತಿತ್ತು. ಅದನ್ನು ನೋಡಿ ಅವನಿಗೆ ಧೈರ್ಯ ಬಂತು.

ಏರಿನ ಅರ್ಧದಲ್ಲಿ ಇಂಜಿನ್ನು ಸಿಳ್ಳೆ ಹಾಕಿತು. ಸಿಳ್ಳೆ ಚೀರಾಟವಾಯಿತು. ಹಿಂದೆ ನೀಲಿ ಹೊಗೆ ಎದ್ದಿತು. ಎಳೆಯುವ ಬಲ ಹೋಯಿತು. ಕೊನೆಗೆ ಒಳಗೆ ಏನೋ ಕಚ್ಚಿಕೊಂಡ ಸದ್ದಾಗಿ ಎಲ್ಲವೂ ನಿಂತಿತು. ಕೀಲಿ ತಿರುಗಿಸಿದಂತೆಯೇ ಇತ್ತು. ಆದ್ದರಿಂದ ದೀಪ ಮಾತ್ರ ಉರಿಯುತ್ತಿತ್ತು.

ಲಾರಿ ಬರುವ ಮುಂಚೆ ಆ ಊರಿನವರು ಇಂಥವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಕಾಲುದಾರಿ ಕಡಿದು, ಆದರೆ ಹತ್ತಿರ. ಸೂಲಗಿತ್ತಿ ಕಂಬಳಿ ಬಿಚ್ಚಿದಳು. ಹೊರುವುದಕ್ಕೆ ಹೆಗಲುಗಳೂ ಇದ್ದವು. ವರ್ತಕ ಕೈ ಅಡ್ಡ ಹಿಡಿದ.

“ದೀಪ ಆರಿಲ್ಲ. ಅವನು ಇನ್ನೂ ಇಲ್ಲೇ ಇದ್ದಾನೆ. ಅವನನ್ನು ಬಿಟ್ಟು ಇಳಿದು ಹೋದರೆ ನಮಗೆ ನಂಬಿಕೆ ಇಲ್ಲ ಎಂದಾಗುತ್ತದೆ.”

ಸೂಲಗಿತ್ತಿ ಬೈದಳು. ಉಳಿದವರು ಎದುರಾಡಲಿಲ್ಲ. ಚಾಲಕ ವರ್ತಕನ ಮುಖ ನೋಡಿದ. ಆ ದೀಪ ಏನೆಂದು ಅವನು ಈಗಲಾದರೂ ಹೇಳಬಹುದಿತ್ತು. ಹೇಳಿದರೆ ಇಷ್ಟು ದಿನ ಏಕೆ ಹೇಳಲಿಲ್ಲ ಎಂಬುದಕ್ಕೂ ಅವನೇ ಉತ್ತರ ಕೊಡಬೇಕಾಗುತ್ತಿತ್ತು. ಅವನು ಕಣ್ಣು ಮುಚ್ಚಿ ಕೈಮುಗಿದ.

ಮತ್ತೆ ಮತ್ತೆ ಕೀಲಿ ತಿರುಗಿಸಿದರು. ಇಂಜಿನ್ನು ಮಿಸುಕಲಿಲ್ಲ. ಮಗಳ ದನಿ ಮೊದಲು ದೊಡ್ಡದಾಗಿತ್ತು. ಆಮೇಲೆ ಸಣ್ಣದಾಯಿತು. ನೋವು ಇಳಿಯಿತು ಎಂದ ವರ್ತಕ. ಬಿಸಿಲೇರಿತು. ಬ್ಯಾಟರಿ ಸೊರಗಿತು. ದೀಪ ಮಂಕಾಗಿ, ಆರಿತು. ಆಗ ವರ್ತಕನೇ ಜೋಲಿಗೆ ಮೊದಲು ಕೈಹಾಕಿದ.

ಬೆಟ್ಟದ ತುದಿ ಮುಟ್ಟುವ ಮೊದಲೇ ಹೊತ್ತವರ ಹೆಗಲಿಗೆ ಜೋಲಿ ಹೆಣಭಾರವಾದದ್ದು ತಿಳಿಯಿತು. ಆಸ್ಪತ್ರೆಯ ಬಾಗಿಲವರೆಗೆ ಹೊತ್ತುಕೊಂಡೇ ಹೋದರು.

ಲಾರಿಯನ್ನು ಪೇಟೆಗೆ ಎಳೆಸಿ ಇಂಜಿನ್ನು ಬಿಚ್ಚಿಸಿದಾಗ ಎಣ್ಣೆ ಇರಬೇಕಾದ ಕಡೆ ಡಾಂಬರಿನಂಥ ಕೆಸರಿತ್ತು. ಬಿಚ್ಚಿದವರು ವರ್ತಕನಿಗೆ ದೀಪದ ಅರ್ಥ ಹೇಳಿದರು. ವರ್ತಕ ಪೂರ್ತಿ ಕೇಳಿಸಿಕೊಂಡ. ಊರಿಗೆ ಬಂದು ಇತರರಿಗೂ ಹೇಳಿದ.

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು. ಕೊಟ್ರಯ್ಯನಿಗೆ ಕತೆ ಇಷ್ಟಕ್ಕೇ ಮುಗಿಯುವುದು ಬೇಕಿರಲಿಲ್ಲ.

“ಇಷ್ಟಾದ ಮೇಲಾದರೂ ಆ ಊರಿನವರು ಎಣ್ಣೆಯ ಬೆಲೆ ಅರಿತಿರಬೇಕಲ್ಲವೇ, ಅಜ್ಜನವರೇ?” ಎಂದು ಕೇಳಿದ.

“ಅರಿತರು, ಕೊಟ್ರಯ್ಯ, ಲಾರಿ ನಿಂತ ತಿರುವಿನಲ್ಲಿ ಒಂದು ಗುಡಿ ಕಟ್ಟಿದ್ದಾರೆ, ಅಲ್ಲಿಯ ದೀಪಕ್ಕೆ ಎಣ್ಣೆ ಒಂದು ದಿನವೂ ತಪ್ಪಿಲ್ಲ.”