ಮಾನಪ್ಪನ ಪಾಲಿನ ಸದ್ದು

ಈ ಕೆಂಪು ಗುಡ್ಡ ಆಗಲೂ ಹೀಗೇ ನಿಂತಿತ್ತು, ನಾವ್ಯಾರೂ ಇರಲಿಲ್ಲ. ಅಂಥ ಕಾಲದಲ್ಲಿ ಇದರ ಬುಡಕ್ಕೆ ಕೆಂಗಲ್ಲೂರು ಅಂತ ಒಂದೂರು, ಆ ಊರಲ್ಲಿ ಮೋನವ್ವ ಅಂತ ಒಬ್ಬ ಕಮ್ಮಾರತಿ. ಹೆಸರು ಕೇಳಿ ಮೋಸ ಹೋಗಬೇಡಿ. ಅವಳು ಬಾಯಿ ತೆಗೆದರೆ ಸಂತೆಯೇ ಸುಮ್ಮನಾಗುತ್ತಿತ್ತಂತೆ. ಗಂಡ ಮಾನಪ್ಪ ಇರುವಷ್ಟು ದಿನ ಕುಲುಮೆಯ ತಿದಿ ಒತ್ತಿದಳು, ಅವನು ಹೋದ ಮೇಲೆ ಸುತ್ತಿಗೆ ಹಿಡಿದಳು. ಹೆಂಗಸು ಸುತ್ತಿಗೆ ಹಿಡಿಯಬಾರದು ಅಂದವರಿಗೆ, ಹಾಗಾದರೆ ನಿಮ್ಮ ಕುಡುಗೋಲು ನೀವೇ ಬಡಿದುಕೊಳ್ಳಿ ಅಂದಳಂತೆ. ಅಂದವರೇ ಸುಗ್ಗಿಯಲ್ಲಿ ಕುಡುಗೋಲು ಹಿಡಿದು ಅವಳ ಬಾಗಿಲಲ್ಲಿ ನಿಂತರಂತೆ.

ಆ ಊರಿನ ಒಂದು ರೂಢಿ ಹೇಳಬೇಕು, ಇಲ್ಲದಿದ್ದರೆ ಕಥೆ ಹಿಡಿಯುವುದಿಲ್ಲ. ಯಾರೇ ಸಾಯಲಿ, ತಳವಾರ ಗಿಡ್ಡಪ್ಪ ತನ್ನ ಮನೆತನದ ಹಳೇ ಪಿಸ್ತೂಲಿನ ಬಾಯಿಗೆ ಕರಿಮದ್ದು ಸುರಿದು, ಮೇಲೆ ಬಟ್ಟೆಯ ಚೂರು ಜಡಿದು, ಆಕಾಶಕ್ಕೆ ಒಂದು ಸಲ ಹಾರಿಸುತ್ತಿದ್ದ. ಗುಂಡು ಹಾಕುತ್ತಿರಲಿಲ್ಲ. ಬರೀ ಸದ್ದು. ಗುಡ್ಡದ ಮೇಲಿನ ದೊಡ್ಡಿಗಳಲ್ಲಿ ಇದ್ದವರು ಆ ಸದ್ದು ಕೇಳಿ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡು ಇಳಿದು ಬರುತ್ತಿದ್ದರು. ಗೋರಿಗೆ ಎಲ್ಲರ ಮಣ್ಣೂ ಬೀಳಬೇಕು. ಗೌಡ ಸತ್ತರೂ ಒಂದು ಸದ್ದು, ದನ ಕಾಯುವವನು ಸತ್ತರೂ ಒಂದು ಸದ್ದು.

ಆಮೇಲೆ ಕೋಟೆಗೊಬ್ಬ ಠಾಣೇದಾರ ಬಂದ. ಅವನ ಹೆಸರನ್ನು ನಮ್ಮ ಹಿರಿಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮದ್ದಿನ ಸದ್ದು ಕೇಳಿದರೆ ಎಲ್ಲೋ ದಂಗೆ ಎದ್ದಿತು ಅಂತ ಅವನು ಕೋಟೆಯ ಬಾಗಿಲು ಹಾಕಿಸುತ್ತಿದ್ದನಂತೆ. ಹೆದರಿಕೆ ಅವನದು, ಕಟ್ಟಳೆ ಊರಿಗೆ: ಇನ್ನು ಮೇಲೆ ಯಾರೂ ಮದ್ದು ಹಾರಿಸಬಾರದು. ಮಾನಪ್ಪ ಜ್ವರದಲ್ಲಿ ತೀರಿಕೊಂಡ ದಿನವೇ ಅವನ ಸವಾರರು ಊರಿಗೆ ನುಗ್ಗಿದರು. ಗಿಡ್ಡಪ್ಪ ಮದ್ದು ಜಡಿದು ಇನ್ನೇನು ಕೈ ಎತ್ತಬೇಕು, ಪಿಸ್ತೂಲು ಕಸಿದುಕೊಂಡರು. ಅದರ ನಳಿಗೆಯ ಹಿಂದೆ, ಬೆಂಕಿ ಒಳಗೆ ಹೋಗಲಿಕ್ಕೆ ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ಕಿವಿ ಅಂತಾರೆ. ಆ ಕಿವಿಗೆ ಮೊಳೆ ಬಡಿದು, ಒಳಗೇನಿದೆ ಅಂತ ನೋಡದೆ ಕೋಟೆಗೆ ಒಯ್ದರು.

ಮಾನಪ್ಪ ಸದ್ದಿಲ್ಲದೆ ಹೋದ. ದೊಡ್ಡಿಗಳಿಂದ ಒಬ್ಬರೂ ಇಳಿಯಲಿಲ್ಲ. ಗುಡ್ಡದ ಮೇಲಿದ್ದ ಅವನ ಒಡಹುಟ್ಟಿದ ಅಣ್ಣನಿಗೇ ಸುದ್ದಿ ಮುಟ್ಟಿದ್ದು ಮುಂದಿನ ಅಮಾವಾಸ್ಯೆಗೆ. ಹೆಗಲು ಕೊಡಲು ಆಳು ಸಾಲದೆ ಮೋನವ್ವನೇ ಒಂದು ಕಡೆ ಹೆಗಲು ಕೊಟ್ಟಳಂತೆ. ಅವತ್ತು ಅವಳು ಅಳಲಿಲ್ಲ ಅಂತಾರೆ. ಇವನ ಸದ್ದು ಇವನಿಗೆ ಕೊಟ್ಟ ಮೇಲೆ ಅಳುತ್ತೇನೆ ಅಂದಳಂತೆ.

ಎಷ್ಟೋ ಮಳೆಗಾಲ ಹೋದವು. ಠಾಣೇದಾರನ ಮಗಳಿಗೆ ಮದುವೆ ಗೊತ್ತಾಯಿತು. ಅಳಿಯನ ಗೋಡೆಗೆ ತೂಗುಹಾಕಲು ಏನಾದರೂ ಹಳೇ ಆಯುಧ ಕೊಡಬೇಕು ಅನ್ನಿಸಿತಂತೆ ಅವನಿಗೆ. ಉಗ್ರಾಣದಲ್ಲಿ ಸಿಕ್ಕಿದ್ದು ಇದೇ ಪಿಸ್ತೂಲು. ಮರ ಗೆದ್ದಲು ತಿಂದಿತ್ತು, ನಳಿಗೆ ಪೂರಾ ತುಕ್ಕು. ಮೋನವ್ವನನ್ನು ಕರೆಸಿ, ಇದನ್ನು ಹೊಸದರ ಹಾಗೆ ಮಾಡು, ಕಿವಿಯ ಮೊಳೆ ಮಾತ್ರ ಮುಟ್ಟಬೇಡ ಅಂದನಂತೆ. ಅವಳು ಅದನ್ನು ಸೆರಗಲ್ಲಿ ಸುತ್ತಿಕೊಂಡು ಬಂದಳು. ಊರವರಿಗೆ ಸಿಟ್ಟು ಬಂತು. ಗಂಡನ ಸದ್ದಿಗೆ ಮೊಳೆ ಬಡಿದವನ ಚಾಕರಿಗೆ ನಿಂತಳಲ್ಲ ಅಂತ ಮುಖ ತಿರುಗಿಸಿದರು.

ಅವಳು ಮೊದಲು ಮಾಡಿದ ಕೆಲಸ, ಒಂದು ಕಡ್ಡಿಯನ್ನು ನಳಿಗೆಯ ಬಾಯಿಂದ ಒಳಗೆ ಇಳಿಬಿಟ್ಟದ್ದು. ಬಾಯಿಯ ಹತ್ತಿರ ಉಗುರಿಂದ ಗುರುತು ಮಾಡಿ, ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಇಟ್ಟು ನೋಡಿದಳು. ಕಡ್ಡಿ ಕಿವಿಯ ತನಕ ಮುಟ್ಟಲಿಲ್ಲ, ಈಚೆಗೇ ನಿಂತುಬಿಟ್ಟಿತ್ತು. ಒಳಗೆ ಏನೋ ಕೂತಿದೆ. ಅವತ್ತು ಜಡಿದ ಮದ್ದು ಅವತ್ತಿಂದ ಅಲ್ಲೇ ಇದೆ.

ಮೋನವ್ವ ಎದ್ದವಳೇ ಕುಲುಮೆಗೆ ಕೊಡ ನೀರು ಸುರಿದಳಂತೆ. ಮದ್ದು ತುಂಬಿದ ನಳಿಗೆ ಇರುವ ಮನೆಯಲ್ಲಿ ಕಿಡಿ ಇರಬಾರದು. ಅದು ಬಿತ್ತನೆ ಸಮಯ, ನೇಗಿಲ ಕುಳ ತಟ್ಟಿಸಲು ಬಂದ ರೈತರು ಆರಿದ ಕುಲುಮೆ ನೋಡಿ ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡಳು. ಗಿಡ್ಡಪ್ಪ ಆಗ ಹಣ್ಣುಮುದುಕ. ಕೋಲೂರಿಕೊಂಡು ಬಂದು, ನೀರು ಬಿಟ್ಟು ಮದ್ದು ನೆನೆಸಿ ಹೊರಗೆ ಕೆರೆದುಬಿಡು, ಹಳೇ ನಳಿಗೆ ಸಿಡಿದರೆ ನಿನ್ನ ಕೈ ಹೋಗುತ್ತದೆ, ಕೈ ಹೋದರೆ ಕಮ್ಮಾರಿಕೆ ಹೋಗುತ್ತದೆ ಅಂದನಂತೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಗಿಡ್ಡಪ್ಪ, ಈ ಮದ್ದು ನೀ ಯಾರಿಗಂತ ತುಂಬಿದ್ದಿ?" ಅಂತ ಕೇಳಿದಳು.

"ನಿನ್ನ ಗಂಡಗ."

"ಹಂಗಾರ ಅದನ್ನ ತೆಗಿಯಾಕ ನೀ ಯಾರು, ನಾ ಯಾರು?"

ಮುದುಕ ಅಲ್ಲೇ ಕಟ್ಟೆಯ ಮೇಲೆ ಕೂತು, ಕೆಲಸ ಮುಗಿಯುವ ತನಕ ಏಳಲಿಲ್ಲ ಅಂತಾರೆ.

ಅವಳು ಬೆಂಕಿ ಇಲ್ಲದೆ ಕೆಲಸ ಮಾಡಿದಳು. ಹುಣಸೆಹುಳಿ ಹಚ್ಚಿ ತುಕ್ಕು ಬಿಡಿಸಿದಳು, ಔಡಲೆಣ್ಣೆ ಹಚ್ಚಿ ಉಜ್ಜಿದಳು. ಎಲ್ಲಾದರೂ ಬಿರುಕು ಇದೆಯೇನೋ ಅಂತ ನಳಿಗೆಯ ಮೈಮೇಲೆಲ್ಲ ಬೆರಳಾಡಿಸಿದಳು. ಜಾಲಿಯ ಕೊರಡು ಕೆತ್ತಿ ಹೊಸ ಹಿಡಿ ಮಾಡಿದಳು. ಚಕಮಕಿ ಕಲ್ಲು ಹಿಡಿಯುವ ಕುದುರೆಯ ಸ್ಪ್ರಿಂಗು ಮುರಿದಿತ್ತು, ಅದಕ್ಕೆ ಬೆಂಕಿ ಬೇಕೇ ಬೇಕು. ಆ ತುಂಡನ್ನಷ್ಟೇ ಕುಂಬಾರರ ಆವಿಗೆಗೆ ಒಯ್ದು ಅಲ್ಲಿ ಹದ ಮಾಡಿಕೊಂಡು ಬಂದಳು. ಕಮ್ಮಾರತಿ ಕುಂಬಾರರ ಬೆಂಕಿ ಬೇಡಿದ್ದು ಅದೇ ಮೊದಲು ಅಂತೆ, ಅದಕ್ಕೂ ಊರು ನಕ್ಕಿತು.

ಕಡೆಗೆ ಮೊಳೆ. ಸುತ್ತಲೂ ಎಣ್ಣೆ ಬಿಟ್ಟು ನೆನೆಯಲು ಬಿಟ್ಟಳು. ದಿನಾ ಒಂದಿಷ್ಟು ಅಲುಗಿಸುವುದು, ಮತ್ತೆ ಎಣ್ಣೆ ಬಿಡುವುದು. ಬಡಿಯುವ ಹಾಗಿಲ್ಲ, ಕಾಯಿಸುವ ಹಾಗಿಲ್ಲ. ಒಂದು ಬೆಳಿಗ್ಗೆ ಮೊಳೆ ಹಾಲುಹಲ್ಲಿನ ಹಾಗೆ ಅವಳ ಬೆರಳಿಗೆ ಬಂತು. ತುದಿಯಲ್ಲಿ ಅಂಟಿಕೊಂಡಿದ್ದ ಕರೀ ಕಾಳನ್ನು ಅವಳು ಆವಿಗೆಯ ಕೆಂಡಕ್ಕೆ ಹಾಕಿ ನೋಡಿದಳಂತೆ. ಅದು ಚುರ್ರೆಂದು ಉರಿಯಿತು.

ಸಂತೆಯ ದಿನ, ಮಟಮಟ ಮಧ್ಯಾಹ್ನ, ಮೋನವ್ವ ಕೋಟೆಯ ಬಾಗಿಲ ಮುಂದೆ ನಿಂತಳು. ಪಿಸ್ತೂಲು ಬಿಸಿಲಿಗೆ ಮಿನುಗುತ್ತಿತ್ತು. ಠಾಣೇದಾರ ಹಿಗ್ಗಿ ಕೈ ಚಾಚಿದನಂತೆ. ಅವಳು ಕೊಡಲಿಲ್ಲ. ಕಿವಿಯ ಪಕ್ಕದ ಸಣ್ಣ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ, ಕುದುರೆ ಎಳೆದು, ಕೈಯನ್ನು ಆಕಾಶಕ್ಕೆ ಎತ್ತಿದಳು.

"ಮಾನಪ್ಪಾ, ಇದು ನಿಂದು," ಅಂದಳು.

ಆ ಸದ್ದಿಗೆ ಸಂತೆಯ ಎತ್ತುಗಳು ಹಗ್ಗ ಹರಿದವಂತೆ. ಗುಡ್ಡ ಅದನ್ನು ತಿರುಗಿ ಹೇಳಿತಂತೆ. ಸವಾರರು ಅವಳನ್ನು ಹಿಡಿದುಕೊಂಡರು. ಅಷ್ಟರಲ್ಲಿ ಗುಡ್ಡದ ದಾರಿಯಲ್ಲಿ ಧೂಳು ಎದ್ದಿತು. ಒಂದೊಂದೇ ದೊಡ್ಡಿಯವರು ಓಡೋಡಿ ಇಳಿಯುತ್ತಿದ್ದರು, ಎಲ್ಲರ ಮುಷ್ಟಿಯಲ್ಲೂ ಮಣ್ಣು. ಯಾರು ಹೋದರು ಅಂತ ಕೇಳಿದರು. ಮಾನಪ್ಪ ಅಂದಳು. ಅವನು ಹೋಗಿ ಎಷ್ಟು ಕಾಲವಾಯಿತು ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ, ಮಣ್ಣನ್ನೂ ಕೆಳಗೆ ಚೆಲ್ಲಲಿಲ್ಲ. ಅಷ್ಟೂ ಮುಷ್ಟಿಗಳು ಠಾಣೇದಾರನ ಸುತ್ತ ನಿಂತವು. ಸವಾರರು ತಾವಾಗಿಯೇ ಅವಳ ಕೈ ಬಿಟ್ಟರಂತೆ.

ಠಾಣೇದಾರ ಬೆವರಿದರೂ ಗತ್ತು ಬಿಡಲಿಲ್ಲ. ಆ ಮೊಳೆಯನ್ನು ಈಗಲೇ ತಿರುಗಿ ಬಡಿ ಅಂದ. ಮೋನವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಳೆ, ಸುತ್ತಿಗೆ ತೆಗೆದು, ಪಿಸ್ತೂಲಿನ ಜೊತೆ ಅವನ ಮುಂದೆ ಇಟ್ಟಳು.

"ನೀನ ಬಡಕೋ. ನನ್ನ ಕೈಗೆ ಬಿಚ್ಚೂದಷ್ಟ ಬರ್ತೈತಿ."

ಹಾಗಂದು ಬೆನ್ನು ತಿರುಗಿಸಿ ಗೋರಿಯ ಕಡೆಗೆ ನಡೆದಳು, ಜನವೆಲ್ಲ ಅವಳ ಹಿಂದೆ. ಅಲ್ಲಿ ಬಿದ್ದ ಮಣ್ಣು ಆಳೆತ್ತರದ ದಿಬ್ಬವಾಯಿತು ಅಂತಾರೆ. ಅವಳು ಅಲ್ಲಿ ಕೂತು ಮನಸಾರೆ ಅತ್ತಳಂತೆ.

ಠಾಣೇದಾರ ಕ್ಷಮೆ ಕೇಳಿದ ಅಂತ ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ, ಅಂಥವರು ಕೇಳುವುದಿಲ್ಲ. ಮೋನವ್ವ ಊರಲ್ಲಿ ಕುಲುಮೆ ಹೊತ್ತಿಸಬಾರದು ಅಂತ ಅವನು ಕಟ್ಟಳೆ ಮಾಡಿದ. ಅವಳು ಕಾದ ಕುಳ ಇಟ್ಟು ಬಡಿಯುವ ಕಬ್ಬಿಣದ ಅಡಿಗಲ್ಲನ್ನು ಗಾಡಿಗೆ ಹೇರಿ, ಊರ ಗಡಿ ದಾಟಿ, ಗುಡ್ಡದ ಬುಡದಲ್ಲಿ ಊರಿ, ಅಲ್ಲಿ ಕುಲುಮೆ ಹೊತ್ತಿಸಿದಳು. ರೈತರೆಲ್ಲ ಅಲ್ಲಿಗೇ ನಡೆದರು, ಬೈದವರೂ ನಡೆದರು. ಪಿಸ್ತೂಲು ಅಳಿಯನ ಗೋಡೆಯಲ್ಲಿ ಇತ್ತೋ, ಆ ಗೋಡೆ ಬಿತ್ತೋ, ಯಾರಿಗೂ ತಿಳಿಯದು. ಅಡಿಗಲ್ಲು ಮಾತ್ರ ಅಲ್ಲೇ ಇದೆ, ಬೇಕಾದರೆ ಹೋಗಿ ಮುಟ್ಟಿ ನೋಡಿ.

ಮೇಲೆ ಕಬ್ಬಿಣ ಇಡದೆ ಬರೀ ಅಡಿಗಲ್ಲಿಗೆ ಸುತ್ತಿಗೆ ಹಾಕಬಾರದು ಅಂತ ಎಲ್ಲ ಊರಿನ ಕಮ್ಮಾರರೂ ಹೇಳುತ್ತಾರೆ. ನಮ್ಮಲ್ಲಿ ಹಾಕುತ್ತೇವೆ. ಇವತ್ತಿಗೂ ಯಾರೇ ತೀರಿಕೊಳ್ಳಲಿ, ಹೆಣ ಎತ್ತುವ ಮೊದಲು ಆ ಮನೆಯ ಹೆಂಗಸು ಅಲ್ಲಿಗೆ ಹೋಗುತ್ತಾಳೆ. ಸುತ್ತಿಗೆ ಎತ್ತಿ, ಹೋದವರ ಹೆಸರು ಹೇಳಿ, ಬರೀ ಅಡಿಗಲ್ಲಿಗೆ ಒಂದೇ ಏಟು ಹಾಕುತ್ತಾಳೆ. ಗುಡ್ಡದವರು ಮಣ್ಣು ಹಿಡಿದು ಇಳಿಯುತ್ತಾರೆ. ಅದಕ್ಕೆ ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.