ಬಾಯಿಕಳಕದ ಕೊಕ್ಕಿನ ಸಂದು

ಹಲಗೆ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಹೊಸ್ತಿಲ ಕಲ್ಲಿಗೂ ಹಲಗೆಗೂ ನಡುವೆ ಎರಡು ಬೆರಳು ಸಂದು ಉಳಿಯಿತು.

ಲೋಕ ಆಗಿನ್ನೂ ಹಸಿಯಾಗಿತ್ತು. ಎಲ್ಲಿ ನಿಲ್ಲಬೇಕು ಎಂದು ಸಮುದ್ರಕ್ಕೆ ಗೊತ್ತಿರಲಿಲ್ಲ. ಸಿಕ್ಕ ಕಡೆಗೆಲ್ಲ ನುಗ್ಗುತ್ತಿತ್ತು. ಅದರ ಪಕ್ಕದಲ್ಲೇ ಒಂದು ಸಿಹಿನೀರಿನ ಕೆರೆ. ನಡುವೆ ಹಕ್ಕಿಗಳು ಕಟ್ಟಿದ ಮಣ್ಣಿನ ಏರಿ. ಏರಿಗೆ ಒಂದು ಬಾಗಿಲು. ಬಾಗಿಲಿಗೆ ಒಂದು ದಪ್ಪ ಹಲಗೆ. ಬಳ್ಳಿ ಎಳೆದರೆ ಹಲಗೆ ಏಳುತ್ತಿತ್ತು. ಬಿಟ್ಟರೆ ಇಳಿಯುತ್ತಿತ್ತು.

ಸಮುದ್ರ ಇಳಿದಾಗ ಹಲಗೆ ಎತ್ತಬೇಕು. ಕೆರೆಯ ಹೆಚ್ಚಿನ ನೀರು ಹೊರಗೆ ಹೋಗುತ್ತದೆ. ಸಮುದ್ರ ಏರುವ ಮೊದಲು ಬಿಡಬೇಕು. ಬಿಡುವ ಮುಂಚೆ ಹೊಸ್ತಿಲ ಕಲ್ಲನ್ನು ಕಾಲಿನಿಂದ ಸವರಬೇಕು. ಕಡ್ಡಿ, ಕಲ್ಲು ಏನೂ ಇರಬಾರದು. ಇದು ಕಾವಲಿನ ಕ್ರಮ. ಹಕ್ಕಿಗಳು ಸರದಿಯ ಮೇಲೆ ಕಾಯುತ್ತಿದ್ದವು.

ಆ ದಿನ ಅಮಾವಾಸ್ಯೆ, ಸಮುದ್ರ ಹೆಚ್ಚು ಏರುವ ದಿನ. ಸರದಿ ಬಾಯಿಕಳಕದ್ದು. ಅದೊಂದು ಬೂದು ಬಣ್ಣದ ಕೊಕ್ಕರೆ. ಆಗ ಅದರ ಕೊಕ್ಕು ಬೇರೆ ಕೊಕ್ಕರೆಗಳ ಕೊಕ್ಕಿನ ಹಾಗೆ ನೆಟ್ಟಗಿತ್ತು. ಬಿಗಿಯಾಗಿ ಮುಚ್ಚುತ್ತಿತ್ತು.

ಬಸವನಹುಳು ಎಂದರೆ ಅದಕ್ಕೆ ಪ್ರಾಣ. ನೀರು ಇಳಿದಾಗ ಹೊಸ್ತಿಲ ಕಲ್ಲಿನ ಮೇಲೆ ಹುಳುಗಳು ಸಾಲಾಗಿ ಸಿಗುತ್ತಿದ್ದವು. ಒಂದೊಂದನ್ನೇ ಹೆಕ್ಕಿ, ಮಾಂಸ ಎಳೆದು ತಿಂದು, ಚಿಪ್ಪನ್ನು ಅಲ್ಲೇ ಬಿಡುತ್ತಿತ್ತು.

ಏರಿಯ ಕೆಳಗೆ ಕೆರೆಯಲ್ಲಿ, ತಾವರೆ ಎಲೆಯ ಮೇಲೆ, ಗಂಡು ದೇವನಕ್ಕಿ ಕಾವು ಕೂತಿತ್ತು. ಅವುಗಳಲ್ಲಿ ಗಂಡೇ ಕಾವು ಕೂರುವುದು. ನಾಲ್ಕು ಮೊಟ್ಟೆ. ನಾಳೆ ಒಡೆಯಬೇಕಾದವು.

"ಕಾವಲು ಯಾರದ್ದು ಭಾವ? ನಿನ್ನದಾ, ನಿನ್ನ ಹೊಟ್ಟೆಯದಾ?" ಎಂದು ದೇವನಕ್ಕಿ ಕೇಳಿತು.

ಎರಡೂ ಒಟ್ಟಿಗೇ ಬಂದಿವೆ ಎಂದಿತು ಬಾಯಿಕಳಕ. ಇನ್ನೊಂದು ಹುಳು ಹೆಕ್ಕಿತು.

ಅಷ್ಟರಲ್ಲಿ ಪಾದಕ್ಕೆ ತಣ್ಣಗೆ ನೀರು ತಾಗಿತು. ತಿರುಗಿ ನೋಡಿದರೆ ಸಮುದ್ರ ಬಾಗಿಲ ಬಳಿ ಇತ್ತು. ಬಾಯಿಕಳಕ ಹೌಹಾರಿ ಏರಿ ಹತ್ತಿ, ಕಟ್ಟಿದ್ದ ಬಳ್ಳಿ ಬಿಚ್ಚಿ ಬಿಟ್ಟಿತು. ಕಲ್ಲು ಸವರಲಿಲ್ಲ. ಒಂದು ಚಿಪ್ಪು ಹಲಗೆಯ ಅಡಿ ಸಿಕ್ಕಿಕೊಂಡಿತು.

ಅಲೆ ಇರಲಿಲ್ಲ. ಸದ್ದು ಇರಲಿಲ್ಲ. ನೆತ್ತಿಯ ಮೇಲೆ ಸೂರ್ಯ. ನೀರು ಸುಮ್ಮನೆ ಏರುತ್ತಿತ್ತು. ಸಂದಿನಿಂದ ಉಪ್ಪುನೀರು ಒಳಗೆ ಬರುತ್ತಿತ್ತು.

ಕಪ್ಪೆಗಳು ಕೂಗು ನಿಲ್ಲಿಸಿದವು. ಮೀನುಗಳು ಕೆರೆಯ ಆಚೆ ಮೂಲೆಗೆ ಹೋಗಿ ಒತ್ತೊತ್ತಾಗಿ ನಿಂತವು. ಬಾಗಿಲ ಹತ್ತಿರದ ತಾವರೆ ಎಲೆಯ ಅಂಚು ಕಪ್ಪಾಯಿತು.

ಸಂದಿನಿಂದ ಸಮುದ್ರ ಮೆಲ್ಲಗೆ ಮಾತಾಡಿತು.

"ಹೆದರಬೇಡಿ. ಒಳಗೆ ಬರುತ್ತಿದ್ದೇನೆ, ಅಷ್ಟೇ. ಇನ್ನು ಕೆರೆ ಬೇರೆ, ನಾನು ಬೇರೆ ಅಂತ ಇರುವುದಿಲ್ಲ."

ಹಕ್ಕಿಗಳು ಕೆರೆಯನ್ನು ಕೇಳಿದವು. ಎಷ್ಟು ಹೊತ್ತು ತಡೆಯುತ್ತೀಯ? ಉಪ್ಪು ತಾವರೆಯ ಬೇರಿಗೆ ತಾಗುವ ತನಕ, ಎಂದಿತು ಕೆರೆ. ಆಮೇಲೆ ಎಲೆಗಳು ಮುಳುಗುತ್ತವೆ. ಎಲೆಯ ಮೇಲಿರುವುದೂ ಮುಳುಗುತ್ತದೆ.

ಹಲಗೆ ಎತ್ತಿ ಚಿಪ್ಪು ತೆಗೆಯೋಣ ಎಂದವು ಬಾತುಗಳು. ಎತ್ತಿದರೆ ಸಮುದ್ರ ಮತ್ತೆ ಇಳಿಸಲು ಬಿಡುವುದಿಲ್ಲ ಎಂದಿತು ಹಾವಕ್ಕಿ. ಅದು ಮುಳುಗಿ ಮೀನು ಹಿಡಿಯುವ ಹಕ್ಕಿ, ನೀರಿನೊಳಗಿನ ಸಂಗತಿ ಬಲ್ಲದು. ತಾನೇ ಮುಳುಗಿತು. ಚಿಪ್ಪನ್ನು ಎಳೆಯಿತು. ಹಲಗೆಯ ಭಾರಕ್ಕೆ ಅದು ಅಲುಗಲಿಲ್ಲ. ಹಾವಕ್ಕಿಯ ಕೊಕ್ಕು ಸೂಜಿಯಂತೆ ಸಣ್ಣದು. ಮೇಲೆ ಬಂದು ತಲೆ ಅಲ್ಲಾಡಿಸಿತು.

ಬಾಯಿಕಳಕ ದೇವನಕ್ಕಿಯ ಕಡೆ ನೋಡಿತು. ಎದ್ದು ಹೋಗು ಎಂದಿತು.

"ಎಲ್ಲಿಗೆ ಹೋಗಲಿ ಭಾವ? ಇವಕ್ಕೆ ಇನ್ನೂ ಕಾಲು ಬಂದಿಲ್ಲ."

ಬಾಯಿಕಳಕ ಬಾಗಿಲ ಕಡೆ ನಡೆಯಿತು. ನೀರಿಗಿಳಿಯಿತು. ಕುತ್ತಿಗೆ ಮುಳುಗಿಸಿ ಸಂದಿಗೆ ಕೊಕ್ಕು ತೂರಿಸಿತು. ಚಿಪ್ಪನ್ನು ಕೊಕ್ಕಿನ ನಡುವೆ ಹಿಡಿಯಿತು. ಅದುಮಿತು. ಚಿಪ್ಪು ಒಡೆಯಲಿಲ್ಲ.

ಉಸಿರಿಗೆ ತಲೆ ಎತ್ತಿತು. ನೀರು ಹೊಟ್ಟೆಯ ತನಕ ಬಂದಿತ್ತು.

ಮತ್ತೆ ಮುಳುಗಿಸಿತು. ಹಿಡಿಯಿತು. ಅದುಮಿತು. ಕೊಕ್ಕು ನೋಯತೊಡಗಿತು. ಚಿಪ್ಪು ಒಡೆಯಲಿಲ್ಲ.

"ನಿನಗೆ ರೆಕ್ಕೆ ಇದೆ," ಎಂದಿತು ಸಮುದ್ರ, ಅದರ ಕಿವಿಯ ಹತ್ತಿರವೇ. "ಹಾರಿಹೋಗು. ನನಗೆ ನೀನು ಬೇಕಿಲ್ಲ."

ಉಸಿರಿಗೆ ತಲೆ ಎತ್ತಿತು. ನೀರು ಬೆನ್ನಿನ ಮೇಲಿತ್ತು. ದೇವನಕ್ಕಿಯ ಎಲೆ ಒಂದು ಕಡೆ ವಾಲಿತ್ತು. ದೇವನಕ್ಕಿ ರೆಕ್ಕೆ ಅಗಲಿಸಿ ಮೊಟ್ಟೆಗಳನ್ನು ಅವುಚಿಕೊಂಡಿತ್ತು. ಎಲೆ ಇನ್ನೂ ವಾಲಿತು. ಒಂದು ಮೊಟ್ಟೆ ಉರುಳಿ ನೀರಿಗೆ ಬಿತ್ತು. ಸದ್ದೇ ಆಗಲಿಲ್ಲ.

"ಒಂದು ಹೋಯಿತು," ಎಂದಿತು ದೇವನಕ್ಕಿ.

ಬಾಯಿಕಳಕ ಮೂರನೆಯ ಸಲ ಮುಳುಗಿತು. ಈ ಸಲ ಉಸಿರಿಗೆ ತಲೆ ಎತ್ತಲಿಲ್ಲ. ಹಿಡಿಯಿತು. ಅದುಮಿತು. ಕಣ್ಣಿಗೆ ಕತ್ತಲೆ ಕವಿಯಿತು. ಬಿಡಲಿಲ್ಲ. ಅದುಮಿತು. ಕೊಕ್ಕು ನಡುವೆ ಬಾಗಿತು. ಬಾಗಿದ್ದು ಅದಕ್ಕೂ ಗೊತ್ತಾಯಿತು. ಬಿಡಲಿಲ್ಲ.

ಚಿಪ್ಪು ಪುಡಿಯಾಯಿತು.

ಕೊಕ್ಕು ಹೊರಗೆ ಬಂತು. ಹಲಗೆ ಧಡ್ ಎಂದು ಹೊಸ್ತಿಲ ಮೇಲೆ ಕೂತಿತು. ಏರಿ ನಡುಗಿತು. ಆಚೆ ಕಡೆ ಸಮುದ್ರ ಬಾಗಿಲನ್ನು ಗುದ್ದಿತು. ಸಂಜೆಯ ತನಕ ಗುದ್ದಿತು. ಆಮೇಲೆ ಇಳಿಯಿತು. ಏರಿಯೇ ತನ್ನ ಗಡಿ ಎಂದು ಅದಕ್ಕೆ ಅವತ್ತು ತಿಳಿಯಿತು.

ಹಾವಕ್ಕಿ ಬಾಯಿಕಳಕವನ್ನು ದಡಕ್ಕೆ ನೂಕಿಕೊಂಡು ಬಂತು. ಅದು ಕೆಮ್ಮಿತು, ನೀರು ಕಾರಿತು, ಕೂತಿತು. ಯಾರೂ ಬೈಯಲಿಲ್ಲ. ಯಾರೂ ಹೊಗಳಲಿಲ್ಲ. ದೇವನಕ್ಕಿ ಆ ಕಡೆ ನೋಡಲೂ ಇಲ್ಲ. ಮೂರು ಮೊಟ್ಟೆಗಳ ಮೇಲೆ ಕೂತೇ ಇತ್ತು.

ಮಾರನೆಯ ದಿನ ಮೂರೂ ಒಡೆದು ಮರಿಗಳು ಹೊರಬಂದವು. ದೇವನಕ್ಕಿ ಅವನ್ನು ಎಲೆಯ ಮೇಲೆ ಬಿಡಲಿಲ್ಲ. ರೆಕ್ಕೆಯ ಅಡಿ ಸಿಕ್ಕಿಸಿಕೊಂಡೇ ನಡೆಯಿತು. ಅಪಾಯ ಕಂಡರೆ ಈಗಲೂ ಹಾಗೆಯೇ ನಡೆಯುತ್ತದೆ. ಮರಿಗಳ ಕಾಲುಗಳು ಮಾತ್ರ ಹೊರಗೆ ಜೋತಾಡುತ್ತವೆ.

ಬಾಯಿಕಳಕ ಬಾಯಿ ಮುಚ್ಚಿ ನೋಡಿತು. ತುದಿ ಕೂಡಿತು. ಬುಡ ಕೂಡಿತು. ನಡು ಕೂಡಲಿಲ್ಲ.

ಕೆರೆಯ ಬಳಿ ಅದು ಪಕ್ಕಕ್ಕೆ ತಿರುಗಿ ನಿಂತಾಗ ನೋಡು. ಮುಚ್ಚಿದ ಕೊಕ್ಕಿನ ಸಂದಿನಲ್ಲಿ ಆಚೆಯ ನೀರು ಕಾಣುತ್ತದೆ.